ಕ್ಯಾಥಿ ಬಂದ ಹದಿನೈದನೇ ದಿನ

ಬಾಡಿಗೆ ಮನೆಯಲ್ಲಿ ಬದುಕಿದವರಿಗೆ 'ಮನೆ ಖಾಲಿ ಮಾಡಿ' ಅನ್ನುವ ಮಾತಿನ ಬಿಸಿ ಗೊತ್ತೇ ಇರುತ್ತದೆ. ಮಗನ ಮದುವೆ, ಮನೆ ನಮಗೇ ಬೇಕು, ಬೇರೆ ಕಡೆ ನೋಡಿಕೊಳ್ಳಿ ಎಂದು ಓನರ್ ಹೇಳಿ ಹೋದ ರಾತ್ರಿ ಊಟ ಸೇರುವುದಿಲ್ಲ. ಆದರೂ ನಮ್ಮಂಥವರಿಗೆ ಅಡ್ವಾನ್ಸ್ ಹಣ ವಾಪಸ್ ಬರುತ್ತದೆ, ನಾಲ್ಕು ದಿನ ಇರಲು ಅಣ್ಣನ ಮನೆಯೋ ಅತ್ತೆಮನೆಯೋ ಇರುತ್ತದೆ. ಅದೂ ಇಲ್ಲದವರು ಎಲ್ಲಿಗೆ ಹೋಗಬೇಕು? ಈ ಪ್ರಶ್ನೆಯನ್ನು ಇಡೀ ದೇಶದ ಮುಂದಿಟ್ಟು, ಕಾನೂನು ಆಗುವವರೆಗೂ ಪಟ್ಟು ಬಿಡದ ಸಂಸ್ಥೆ ಬ್ರಿಟನ್ನಿನ 'ಶೆಲ್ಟರ್'. ಅದರ ಕಥೆಯ ಹಿಂದೆ ಬಿದ್ದು ನನಗೆ ಬಹಳ ವರ್ಷವಾಯಿತು. ಮನೆಯಲ್ಲಿ ಬಾಯಿ ತೆಗೆದರೆ ಎದ್ದು ಹೋಗುತ್ತಾರೆ. ಇವತ್ತು ರೇಡಿಯೋದವರು ಹದಿನೈದು ನಿಮಿಷ ಕೊಟ್ಟಿದ್ದಾರೆ, ಬಿಡುವುದುಂಟೇ?

ಮೊದಲಿನ ಭಾಗವನ್ನು ಓಡಿಸಿಬಿಡುತ್ತೇನೆ, ಅದರಲ್ಲಿ ಕಾಯ್ದೆಗಳೇ ಜಾಸ್ತಿ. ಎರಡನೇ ಮಹಾಯುದ್ಧದಲ್ಲಿ ಬಾಂಬು ಬಿದ್ದು ಲಕ್ಷಗಟ್ಟಲೆ ಮನೆ ಹಾಳಾದವು. ಯುದ್ಧ ಮುಗಿದ ಮೇಲೆ ಸರ್ಕಾರ ಮನೆಗಳನ್ನು ಕಟ್ಟಿಸಿತು, ಸಾಲಲಿಲ್ಲ. ದಿಕ್ಕಿಲ್ಲದವರಿಗೆ ತಾತ್ಕಾಲಿಕ ವಸತಿ ಕೊಡುವ ಹೊಣೆಯನ್ನು 1948ರ ಕಾಯ್ದೆ ಸ್ಥಳೀಯ ಆಡಳಿತಕ್ಕೆ ವಹಿಸಿತು. ಅವರೋ, ಎಷ್ಟೋ ಕಡೆ, ಹಿಂದಿನ ಕಾಲದಲ್ಲಿ ಬಡವರನ್ನು ಕೂಡಿಹಾಕಿ ದುಡಿಸುತ್ತಿದ್ದ ಕಟ್ಟಡಗಳನ್ನೇ ಹಾಸ್ಟೆಲ್ ಮಾಡಿದರು. 1957ರಲ್ಲಿ ಬಾಡಿಗೆ ನಿಯಂತ್ರಣ ಸಡಿಲವಾಯಿತು. ಹಳೆ ಬಾಡಿಗೆದಾರ ಕೂತಿರುವಷ್ಟು ದಿನ ಬಾಡಿಗೆಗೆ ಮಿತಿ, ಅವನು ಎದ್ದುಹೋದರೆ ಓನರ್ ಹೇಳಿದ್ದೇ ಬಾಡಿಗೆ. ಮುಂದೆ ಏನಾಗಿರಬಹುದು ಎಂದು ನಿಮಗೆ ಬಿಡಿಸಿ ಹೇಳಬೇಕಿಲ್ಲ. ಲಂಡನ್ನಿನ ನಾಟಿಂಗ್ ಹಿಲ್‌ನಲ್ಲಿ ಪೀಟರ್ ರಾಕ್‌ಮನ್ ಎಂಬ ಮಾಲೀಕ ಹಳಬರನ್ನು ಹೆದರಿಸಿ ಎಬ್ಬಿಸಿದ. ಬೇರೆ ಯಾರೂ ಮನೆ ಕೊಡದ ವೆಸ್ಟ್ ಇಂಡೀಸಿನ ವಲಸಿಗರನ್ನು ಆ ಕೋಣೆಗಳಲ್ಲಿ ತುಂಬಿ ಮನಸ್ಸಿಗೆ ಬಂದಷ್ಟು ಬಾಡಿಗೆ ವಸೂಲು ಮಾಡಿದ. ಇವತ್ತು ಅದೇ ನಾಟಿಂಗ್ ಹಿಲ್‌ನಲ್ಲಿ ಮನೆ ಕೊಳ್ಳಲು ಕೋಟ್ಯಧಿಪತಿಯೇ ಆಗಿರಬೇಕು, ಅದು ಬೇರೆ ಮಾತು.

ಅಲ್ಲಿಗೆ ಬಂದವರು ಬ್ರೂಸ್ ಕೆನ್ರಿಕ್ ಎಂಬ ಪಾದ್ರಿ, ಸ್ಕಾಟ್ಲೆಂಡಿನ ಚರ್ಚಿನವರು. ಉಪದೇಶ ಮಾಡಲು ಬಂದವರಿಗೆ ಕಂಡದ್ದು ಒಂದೇ ಕೋಣೆಯಲ್ಲಿ ಅಡುಗೆ, ಮಲಗುವುದು, ಮಕ್ಕಳು, ಕಾಯಿಲೆ ಎಲ್ಲ. 1963ರಲ್ಲಿ ಅವರು ಮನೆ ಕೊಡಿಸುವ ಒಂದು ಟ್ರಸ್ಟ್ ಶುರು ಮಾಡಿದರು. ಪೋರ್ಟೊಬೆಲೊ ರಸ್ತೆಯ ಸಂತೆಯಲ್ಲಿ ಹಳೆ ಸಾಮಾನು ಮಾರಿ ದುಡ್ಡು ಕೂಡಿಸುವುದು, ಹಳೆ ಮನೆಯೊಂದನ್ನು ಕೊಂಡು ರಿಪೇರಿ ಮಾಡುವುದು, ನ್ಯಾಯವಾದ ಬಾಡಿಗೆಗೆ ಕೊಡುವುದು, ಆಮೇಲೆ ಇನ್ನೊಂದು ಮನೆ. ಒಳ್ಳೆಯ ಕೆಲಸವೇ. ಆದರೆ ಒಂದೊಂದೇ ಮನೆ ಕೊಂಡು ಒಂದು ದೇಶದ ಹಣೆಬರಹ ತಿದ್ದಲು ಆಗುವುದಿಲ್ಲ ಎಂದು ಅವರಿಗೆ ಬೇಗ ಹೊಳೆಯಿತು. ಇದೇ ಕೆಲಸದಲ್ಲಿದ್ದ ಇನ್ನೂ ಕೆಲವು ಸಂಸ್ಥೆಗಳನ್ನು ಜೊತೆಗೆ ಸೇರಿಸಿಕೊಂಡು, ದೇಶಕ್ಕೆಲ್ಲ ಒಂದೇ ಆಂದೋಲನ ಕಟ್ಟಲು ಹೊರಟರು.

ಇಲ್ಲಿ ಒಂದು ಘಟನೆ ಹೇಳದೆ ಮುಂದೆ ಹೋದರೆ ನನಗೆ ಸಮಾಧಾನವಿಲ್ಲ. ಕೆಂಟ್ ಪ್ರಾಂತ್ಯದ ವೆಸ್ಟ್ ಮಾಲಿಂಗ್ ಹತ್ತಿರ ಕಿಂಗ್ ಹಿಲ್ ಎಂಬ ಹಾಸ್ಟೆಲ್ ಇತ್ತು. ಮನೆ ಕಳೆದುಕೊಂಡ ತಾಯಿ, ಮಕ್ಕಳಿಗೆ ಅಲ್ಲಿ ಜಾಗ. ಗಂಡನಿಗೆ ಇಲ್ಲ! ಅವನು ಬೇರೆಲ್ಲೋ ಇರಬೇಕು, ವಾರದ ಕೊನೆಗೆ ಬಂದು ಹೆಂಡತಿ ಮಕ್ಕಳ ಮುಖ ನೋಡಿಕೊಂಡು ಹೋಗಬೇಕು. ಮನೆ ಹೋದದ್ದು ಸಾಲದು ಅಂತ ಸಂಸಾರವನ್ನೂ ಹರಿದು ಎರಡು ಮಾಡುವ ನಿಯಮ. 1965ರಲ್ಲಿ ಅಲ್ಲಿನ ಗಂಡಂದಿರು ಹಟ ಹಿಡಿದರು, ಒಳಗೆ ಬಂದವರು ಹೊರಗೆ ಹೋಗಲಿಲ್ಲ. ಆಡಳಿತ ಕೋರ್ಟಿಗೆ ಹೋಗಿ ಆಜ್ಞೆ ತಂದಿತು. ಅದನ್ನು ಮೀರಿ ಹೆಂಡತಿಯ ಜೊತೆ ಇದ್ದ ತಪ್ಪಿಗೆ ಕೆಲವರು ಜೈಲಿಗೆ ಹೋದರು. ಕೊನೆಗೆ ಬಗ್ಗಿದ್ದು ಆಡಳಿತವೇ. ಈ ಗಲಾಟೆ ಮುಂದೆ ನಾನು ಹೇಳುವ ಚಿತ್ರದೊಳಕ್ಕೂ ನುಗ್ಗಿತು.

ಆ ಚಿತ್ರ 'ಕ್ಯಾಥಿ ಕಮ್ ಹೋಮ್'. 1966ರ ನವೆಂಬರ್ 16, ಬುಧವಾರ ರಾತ್ರಿ, ಬಿಬಿಸಿ ಟೆಲಿವಿಷನ್. ಬರೆದವರು ಪತ್ರಕರ್ತ ಜೆರೆಮಿ ಸ್ಯಾಂಡ್‌ಫರ್ಡ್, ನಿರ್ದೇಶಕ ಮೂವತ್ತರ ಹರೆಯದ ಕೆನ್ ಲೋಚ್. ಹದಿನಾರು ಮಿಲಿಮೀಟರ್ ಕ್ಯಾಮರಾ ಹಿಡಿದು ಬೀದಿಗೇ ಇಳಿದು ತೆಗೆದದ್ದು. ಎಪ್ಪತ್ತೈದು ನಿಮಿಷದ ಕಥೆ, ನಮ್ಮ ಪಕ್ಕದ ಬೀದಿಯಲ್ಲೂ ನಡೆಯಬಹುದು. ಹುಡುಗಿ ಕ್ಯಾಥಿ ಲಂಡನ್ನಿಗೆ ಬರುತ್ತಾಳೆ. ಡ್ರೈವರ್ ರೆಜ್‌ನನ್ನು ಮದುವೆಯಾಗುತ್ತಾಳೆ. ಒಳ್ಳೆಯ ಫ್ಲ್ಯಾಟ್, ಹೊಸ ಸೋಫಾ. ರೆಜ್‌ಗೆ ಅಪಘಾತವಾಗಿ ಕೆಲಸ ಹೋಗುತ್ತದೆ. ಅಲ್ಲಿಂದ ಇಳಿಜಾರು. ಅತ್ತೆಯ ಕಿಷ್ಕಿಂಧೆಯಂಥ ಮನೆ, ಆಮೇಲೆ ಪುಣ್ಯಾತ್ಮಳಾದ ಮುದುಕಿಯೊಬ್ಬಳ ಬಾಡಿಗೆ ಮನೆ. ಮುದುಕಿ ಸಾಯುತ್ತಾಳೆ, ವಾರಸುದಾರ ಬಂದು ಸಾಮಾನು ಬೀದಿಗೆ ಹಾಕಿಸುತ್ತಾನೆ. ಕ್ಯಾರವಾನಿನಲ್ಲಿ ಸಂಸಾರ ಹೂಡಿದರೆ ಸುತ್ತಲಿನ ಜನ ಬೆಂಕಿ ಹಚ್ಚುತ್ತಾರೆ. ಕೊನೆಗೆ ಗಂಡನಿಗೆ ಜಾಗವಿಲ್ಲದ ಆ ಹಾಸ್ಟೆಲ್ಲು. ಅಲ್ಲಿನ ಅವಧಿಯೂ ಮುಗಿದು ಕ್ಯಾಥಿ ಮಕ್ಕಳೊಡನೆ ರೈಲು ನಿಲ್ದಾಣದಲ್ಲಿ ಕೂತಿರುವಾಗ ಅಧಿಕಾರಿಗಳು ಬಂದು ಮಕ್ಕಳನ್ನು ಅವಳ ಕೈಯಿಂದ ಕಿತ್ತುಕೊಂಡು ಹೋಗುತ್ತಾರೆ.

ಆ ದೃಶ್ಯವನ್ನು ನಾನು ಇವತ್ತಿಗೂ ಪೂರ್ತಿ ನೋಡಲಾರೆ. ಕ್ಯಾಥಿಯ ಪಾತ್ರ ಮಾಡಿದ ಕ್ಯಾರೊಲ್ ವೈಟ್‌ಗೆ ಅಲ್ಲಿ ಮಕ್ಕಳಾಗಿ ನಟಿಸಿದವರು ಆಕೆಯ ಹೆತ್ತ ಮಕ್ಕಳೇ. ಆ ಚೀರಾಟವನ್ನು ಯಾವ ನಿರ್ದೇಶಕನೂ ಹೇಳಿಕೊಟ್ಟು ಮಾಡಿಸಲಾರ. ಅಂದು ಚಿತ್ರ ನೋಡಿದವರು ಸುಮಾರು 1.2 ಕೋಟಿ ಜನ, ಅಂದರೆ ದೇಶದ ಹೆಚ್ಚುಕಡಿಮೆ ನಾಲ್ಕರಲ್ಲಿ ಒಂದು ಪಾಲು. ಎಷ್ಟೋ ದಿನದವರೆಗೆ ಕ್ಯಾರೊಲ್ ವೈಟ್ ರಸ್ತೆಯಲ್ಲಿ ಹೋಗುತ್ತಿದ್ದರೆ ಜನ ತಡೆದು ನಿಲ್ಲಿಸಿ ಕೈಗೆ ದುಡ್ಡು ತುರುಕುತ್ತಿದ್ದರಂತೆ, ಪಾಪ, ಮನೆಯಿಲ್ಲದ ಹುಡುಗಿ ಅಂತ!

ಸರಿಯಾಗಿ ಹದಿನೈದನೇ ದಿನ, ಡಿಸೆಂಬರ್ 1ರಂದು, ಟ್ರಫಾಲ್ಗರ್ ಚೌಕದ ಸೇಂಟ್ ಮಾರ್ಟಿನ್ ಚರ್ಚಿನಲ್ಲಿ ಶೆಲ್ಟರ್ ಉದ್ಘಾಟನೆಯಾಯಿತು. ಚಿತ್ರ ನೋಡಿ ಮರುಗಿದವರು ಸೇರಿ ಶೆಲ್ಟರ್ ಕಟ್ಟಿದರು ಎಂದು ಈಗಲೂ ಹೇಳುವವರಿದ್ದಾರೆ, ಕೇಳಿದರೆ ನನಗೆ ಸಿಟ್ಟೇ ಬರುತ್ತದೆ. ತಿಂಗಳುಗಟ್ಟಲೆ ಮೊದಲೇ ಕೆನ್ರಿಕ್ ಮತ್ತು ಜೊತೆಯವರು ತಯಾರಾಗಿ ಕೂತಿದ್ದರು. ಚಿತ್ರ ಬಂದದ್ದು ಅವರ ಅದೃಷ್ಟ. ಕಣ್ಣೀರು ಹಾಕಿದ ಜನ ಮರುದಿನ ಎಲ್ಲಿಗೆ ಹೋಗಬೇಕು, ಯಾರಿಗೆ ಕಾಗದ ಬರೆಯಬೇಕು ಎಂದು ತಿಳಿಯದೆ ಸುಮ್ಮನಾಗುತ್ತಿದ್ದರು, ಶೆಲ್ಟರ್ ಅವರಿಗೊಂದು ವಿಳಾಸ ಕೊಟ್ಟಿತು.

ಅದರ ಮೊದಲ ನಿರ್ದೇಶಕ ಡೆಸ್ ವಿಲ್ಸನ್, ನ್ಯೂಜಿಲೆಂಡಿನಿಂದ ಬಂದ ಇಪ್ಪತ್ತೈದರ ಪತ್ರಕರ್ತ, ಭಾರಿ ಚುರುಕು. ಹಾಸ್ಟೆಲ್ಲಿನಲ್ಲಿ ಇದ್ದವರನ್ನು ಮಾತ್ರ ಸರ್ಕಾರ ಮನೆಯಿಲ್ಲದವರೆಂದು ಲೆಕ್ಕಕ್ಕೆ ಹಿಡಿಯುತ್ತಿತ್ತು. ಇಲಿ ಓಡಾಡುವ, ಗೋಡೆ ಸೋರುವ ಒಂಟಿ ಕೋಣೆಯಲ್ಲಿ ಐದು ಮಕ್ಕಳನ್ನು ಸಾಕುವವರನ್ನು ಎಲ್ಲಿ ಸೇರಿಸುತ್ತೀರಿ ಎಂದು ಆತ ಪಟ್ಟಾಗಿ ಕೇಳಿದ. ನಿಕ್ ಹೆಜಸ್ ಎಂಬ ಛಾಯಾಗ್ರಾಹಕನನ್ನು ಶೆಲ್ಟರ್ 1968ರಿಂದ 1972ರವರೆಗೆ ಊರೂರಿಗೆ ಕಳಿಸಿತು. ಲಿವರ್‌ಪೂಲ್, ಗ್ಲಾಸ್ಗೊ, ಬ್ರಾಡ್‌ಫರ್ಡ್, ಬರ್ಮಿಂಗ್‌ಹ್ಯಾಮ್. ತೇವಕ್ಕೆ ಕಿತ್ತುಬಂದ ಗೋಡೆಕಾಗದ, ಒಂದೇ ಮಂಚದ ಮೇಲೆ ಸಾಲಾಗಿ ಮಕ್ಕಳು. ಆ ಕುಟುಂಬಗಳ ಮರ್ಯಾದೆ ಕಾಯಲೆಂದು ಚಿತ್ರಗಳ ಬಳಕೆಗೆ ನಲವತ್ತು ವರ್ಷ ನಿರ್ಬಂಧವಿತ್ತು. ಅವು ಪ್ರದರ್ಶನಕ್ಕೆ ಬಂದದ್ದು 2014ರಲ್ಲಿ. ಇವತ್ತು ಒಂದು ಚೀಲ ಅಕ್ಕಿ ಕೊಟ್ಟು ನಾಲ್ಕು ಫೋಟೊ ಹಾಕಿಕೊಳ್ಳುವವರು ಇದನ್ನು ಸ್ವಲ್ಪ ಕೇಳಿಸಿಕೊಳ್ಳಲಿ.

ವಿಲ್ಸನ್ ಬಗ್ಗೆ ನನಗೊಂದು ತಕರಾರೂ ಇದೆ. ಜಾಹೀರಾತಿನಲ್ಲಿ ಆತ ಮುಂದಿಟ್ಟದ್ದು ತಾಯಿ ಮಕ್ಕಳನ್ನೇ. ಜನರ ಮನಸ್ಸು ಕರಗುವುದು ಅಲ್ಲೇ ಎಂದು ಬಲ್ಲವನು. ಬೆಂಚಿನ ಮೇಲೆ ಮಲಗಿದ, ಗಡ್ಡ ಬಿಟ್ಟ ಒಂಟಿ ಗಂಡಸು ಹಿಂದೆ ಉಳಿದ. 1967ರಲ್ಲಿ ಹುಟ್ಟಿದ 'ಕ್ರೈಸಿಸ್' ಎಂಬ ಇನ್ನೊಂದು ಸಂಸ್ಥೆ ಅವನ ಕೈ ಹಿಡಿಯಬೇಕಾಯಿತು.

ಈ ಭೇದ ಕಾನೂನಿಗೂ ಇಳಿಯಿತು. ಶೆಲ್ಟರ್ ಮತ್ತು ಜೊತೆ ಸಂಸ್ಥೆಗಳ ವರ್ಷಗಳ ಒತ್ತಡದ ಫಲವಾಗಿ, ಸ್ಟೀಫನ್ ರಾಸ್ ಎಂಬ ಲಿಬರಲ್ ಸಂಸದ ತಂದ ಖಾಸಗಿ ಸದಸ್ಯರ ಮಸೂದೆ 1977ರಲ್ಲಿ ಕಾಯ್ದೆಯಾಯಿತು. ಮಕ್ಕಳಿರುವ ಕುಟುಂಬ, ಬಸುರಿ, ವಯಸ್ಸಾದವರು, ಕಾಯಿಲೆಯವರು ಮನೆ ಕಳೆದುಕೊಂಡರೆ ವಸತಿ ಕೊಡುವುದು ಸ್ಥಳೀಯ ಆಡಳಿತದ ಕರ್ತವ್ಯ ಎಂದಿತು. ದಯೆಯಿಂದ ಕೊಡುವುದಲ್ಲ, ಕೇಳಿ ಪಡೆಯುವುದು. ಇಂಗ್ಲೆಂಡಿನಲ್ಲಿ ಅದು ಜಾರಿಗೆ ಬಂದದ್ದು ಡಿಸೆಂಬರ್ 1ಕ್ಕೆ, ಶೆಲ್ಟರ್‌ಗೆ ಹನ್ನೊಂದು ವರ್ಷ ತುಂಬಿದ ದಿನ. ಆರೋಗ್ಯವಾಗಿರುವ ಒಂಟಿ ಗಂಡಸಿಗೆ ಮಾತ್ರ ಅದರಲ್ಲಿ ಹೆಚ್ಚೇನೂ ಇರಲಿಲ್ಲ. ಸ್ಕಾಟ್ಲೆಂಡ್ ಮುಂದೆ 2012ರ ಕೊನೆಗೆ ಆ ಭೇದವನ್ನೇ ತೆಗೆದುಹಾಕಿತು, ಶಹಬ್ಬಾಸ್ ಎನ್ನಬೇಕು.

ಇನ್ನು ಹೊಟ್ಟೆ ಉರಿಯುವ ಭಾಗ. ಕಾಯ್ದೆ ಬಂದು ಮೂರೇ ವರ್ಷಕ್ಕೆ, 1980ರಲ್ಲಿ, ಥ್ಯಾಚರ್ ಸರ್ಕಾರ ನಗರಾಡಳಿತದ ಬಾಡಿಗೆ ಮನೆಗಳನ್ನು ಅಲ್ಲಿದ್ದವರಿಗೇ ಕಡಿಮೆ ಬೆಲೆಗೆ ಮಾರುವ ಕಾನೂನು ಮಾಡಿತು. ಕೊಂಡವರನ್ನು ನಾನು ದೂರುವುದಿಲ್ಲ, ಸ್ವಂತ ಮನೆ ಯಾರಿಗೆ ಬೇಡ? ಆದರೆ ಮಾರಿದಷ್ಟು ಮನೆ ಮತ್ತೆ ಕಟ್ಟಲೇ ಇಲ್ಲ. ಇಂಗ್ಲೆಂಡೊಂದರಲ್ಲೇ ಸುಮಾರು 20 ಲಕ್ಷ ಮನೆ ಹೀಗೆ ಕೈಬಿಟ್ಟು ಹೋದವು. ಮನೆ ಕೊಡಲೇಬೇಕು ಎನ್ನುವ ಕಾನೂನು ಕೈಯಲ್ಲಿ, ಕೊಡಲು ಮನೆಯೇ ಇಲ್ಲ! ಇವತ್ತು ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಕುಟುಂಬಗಳು ತಾತ್ಕಾಲಿಕ ವಸತಿಯಲ್ಲಿವೆ, ಎಷ್ಟೋ ಜನ ಲಾಡ್ಜಿನ ಒಂದೊಂದು ಕೋಣೆಯಲ್ಲಿ. ಶೆಲ್ಟರ್ ಅಂಥವರ ಫೋನಿಗೆ ಉತ್ತರ ಕೊಡುತ್ತ, ಅವರ ಪರವಾಗಿ ಕೋರ್ಟಿಗೆ ಹೋಗುತ್ತ ಇನ್ನೂ ಕೆಲಸ ಮಾಡುತ್ತಿದೆ.

ನಮ್ಮ ಕಡೆಯ ಒಂದು ಮಾತು ಹೇಳಿ ಮುಗಿಸುತ್ತೇನೆ. ದೆಹಲಿಯ ಚಳಿಯಲ್ಲಿ ಬೀದಿಯಲ್ಲಿ ಮಲಗಿದವರು ಸತ್ತ ಮೇಲೆ, 2010ರಲ್ಲಿ ಸುಪ್ರೀಂ ಕೋರ್ಟು ದೊಡ್ಡ ನಗರಗಳಲ್ಲಿ ಲಕ್ಷ ಜನಸಂಖ್ಯೆಗೆ ಒಂದರಂತೆ ತಂಗುದಾಣ ಇರಬೇಕೆಂದಿತು. 2013ರಲ್ಲಿ ಅದಕ್ಕೆ ಕೇಂದ್ರದ ಯೋಜನೆಯೂ ಬಂತು. ಗಂಡಸರಿಗೆ, ಹೆಂಗಸರಿಗೆ ಇರುವಂತೆ ಕುಟುಂಬಗಳಿಗೂ ತಂಗುದಾಣ ಮಾಡಿ ಎಂದು ಅದರ ಮಾರ್ಗಸೂಚಿ ಹೇಳಿತು. ನಿಮ್ಮೂರಿನ ನಗರಸಭೆ ಕಡೆ ಹೋದಾಗ ತಂಗುದಾಣ ಎಲ್ಲಿದೆ ಎಂದು ವಿಚಾರಿಸಿ. ಗಂಡ, ಹೆಂಡತಿ, ಮಕ್ಕಳು ಒಟ್ಟಿಗೆ ಬಂದರೆ ಅವರನ್ನು ಒಟ್ಟಿಗೇ ಇರಿಸುತ್ತೀರಾ ಎಂದೂ ಕೇಳಿ.