44 ಅಂದರೆ ಎಷ್ಟು?

ಹೋದ ಕಂತಿನ ನಂತರ ಕೇಳುಗರಿಂದ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ಪ್ರಶ್ನೆ. "ಗಂಡನ ಕೈಲಿ ಪೆಟ್ಟು ತಿಂದ ಹೆಂಗಸರು ನಮ್ಮ ಕರ್ನಾಟಕದಲ್ಲಿ ನಾಲ್ಕು ವರ್ಷಕ್ಕೆ ದುಪ್ಪಟ್ಟಾದರಂತೆ. ಏನಾಗಿದೆ ನಮ್ಮ ಜನಕ್ಕೆ?" ಕೆ.ಆರ್. ಪುರದ ತಾಯಿಯೊಬ್ಬರಂತೂ ಇದನ್ನು ಓದಿ ಮಗಳಿಗೆ ಗಂಡು ನೋಡುವುದನ್ನೇ ನಿಲ್ಲಿಸಿದ್ದೇನೆ ಎಂದು ಬರೆದಿದ್ದಾರೆ.

ಅಂಕಿ ನಿಜವೇ. ಕೇಂದ್ರ ಆರೋಗ್ಯ ಸಚಿವಾಲಯ ನಡೆಸುವ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ 2015-16ರಲ್ಲಿ ಕರ್ನಾಟಕಕ್ಕೆ ಕೊಟ್ಟ ಲೆಕ್ಕ ನೂರಕ್ಕೆ 20.6. ಅದರ ಮುಂದಿನ ಸುತ್ತು, 2019-21ರದ್ದು, 44.4. ಇಡೀ ದೇಶಕ್ಕೆ 29.3. ಲಾಕ್‌ಡೌನ್‌ನಲ್ಲಿ ಗಂಡಸರು ಮನೆಯಲ್ಲೇ ಕೂತರಲ್ಲ, ಅದಕ್ಕೇ ಹೀಗಾಯಿತು ಅನ್ನುವವರಿದ್ದಾರೆ. ದಯವಿಟ್ಟು ಅದನ್ನು ಬಿಟ್ಟುಬಿಡಿ. ನಮ್ಮ ರಾಜ್ಯದಲ್ಲಿ ಮನೆಮನೆಗೆ ಹೋಗಿ ಕೇಳುವ ಕೆಲಸ ಲಾಕ್‌ಡೌನ್ ಬರುವ ಮೊದಲೇ ಮುಗಿದಿತ್ತು.

ಈಗ ಒಂದು ಪದ ಗಮನಿಸಿ. ಸಮೀಕ್ಷೆ ಕೇಳುವುದು ಈ ವರ್ಷದ ಮಾತನ್ನಲ್ಲ, "ಎಂದಾದರೂ" ಎಂದು. 18ರಿಂದ 49 ವರ್ಷದ, ಮದುವೆಯಾದ ಹೆಂಗಸಿಗೆ ಗಂಡ ಎಂದಾದರೂ ಹೊಡೆದಿದ್ದನೇ, ಲೈಂಗಿಕವಾಗಿ ಬಲವಂತ ಮಾಡಿದ್ದನೇ? 2015ರಲ್ಲಿ ಮೂವತ್ತಾಗಿದ್ದವಳಿಗೆ 2019ರಲ್ಲಿ ಮೂವತ್ತನಾಲ್ಕು. ಎರಡು ಸಲವೂ ಅದೇ ಮನೆಗಳಿಗೆ ಹೋಗಲಿಲ್ಲ, ಒಪ್ಪಿದೆ, ಆದರೆ ತಲೆಮಾರು ಹೆಚ್ಚುಕಡಿಮೆ ಅದೇ. ಹಳೆಯ ಪೆಟ್ಟು ಎರಡೂ ಸಲ ಲೆಕ್ಕಕ್ಕೆ ಬರಬೇಕು. ಅಂದಮೇಲೆ ಏರಿದ ಇಪ್ಪತ್ತನಾಲ್ಕು ಪೂರಾ ಹೊಸ ಪೆಟ್ಟೇ ಆಗಬೇಕಾದರೆ, ಆ ನಾಲ್ಕು ವರ್ಷದಲ್ಲಿ ರಾಜ್ಯದ ಲಕ್ಷಗಟ್ಟಲೆ ಸಾಧು ಗಂಡಂದಿರು ಇದ್ದಕ್ಕಿದ್ದಂತೆ ಕೈಯೆತ್ತಲು ಕಲಿತಿರಬೇಕು. ನನಗೆ ನಂಬಿಕೆಯಿಲ್ಲ. ನನ್ನ ಗುಮಾನಿ ಹಳೆಯ ಇಪ್ಪತ್ತರ ಮೇಲೆ. ಆಗ ಹೇಳದವರು ಈಗ ಹೇಳಿದ್ದಾರೆ, ಇಲ್ಲವೇ ಈ ಸಲ ಕೇಳಿದವರು ಚೆನ್ನಾಗಿ ಕೇಳಿದ್ದಾರೆ.

ಚೆನ್ನಾಗಿ ಕೇಳುವುದು ಅಂದರೇನು? ಇದಕ್ಕೆ ಸ್ವಲ್ಪ ಹೊತ್ತು ಹಿಡಿಯುತ್ತದೆ, ಸಹಿಸಿಕೊಳ್ಳಿ. ವರ್ಷಗಳ ಹಿಂದೆ ಬೇರೊಂದು ಸಮೀಕ್ಷೆಗೆ ಹಲಸೂರು ಕೆರೆಯ ಹತ್ತಿರದ ವಠಾರಗಳಲ್ಲಿ ಕಾಗದ ಹಿಡಿದು ತಿರುಗಿದವಳು ನಾನು. "ನಿಮ್ಮ ಮೇಲೆ ದೌರ್ಜನ್ಯ ನಡೆದಿದೆಯೇ?" ಎಂದು ಅಚ್ಚು ಹಾಕಿಸಿಕೊಂಡು ಹೋಗಿದ್ದೆವು. ಅಲ್ಲಿ ಎಷ್ಟೋ ಮನೆಗಳಲ್ಲಿ ತಮಿಳು, ಶಿವಾಜಿನಗರದ ಕಡೆ ನಡೆದರೆ ಉರ್ದು. ಕನ್ನಡದ ಮನೆಯಲ್ಲಿ ತಾನೇ ದೌರ್ಜನ್ಯ ಅಂತ ಯಾರು ಆಡುತ್ತಾರೆ, ಅದು ಪೇಪರಿನ ಮಾತು. ಎಲ್ಲ ಬಾಗಿಲಲ್ಲೂ "ಅಂಥದ್ದೇನಿಲ್ಲಮ್ಮ." ಒಬ್ಬಾಕೆ ಹಾಗಂದು, ಕಾಫಿ ಲೋಟ ಕೈಗಿಡುವಾಗ, "ಕುಡಿದಾಗ ಎರಡು ಬಿಡ್ತಾರೆ, ಅಷ್ಟೇ" ಅಂದಳು. ಕಾಗದದಲ್ಲಿ 'ಇಲ್ಲ' ಎಂದು ಆಗಲೇ ಗುರುತು ಹಾಕಿಯಾಗಿತ್ತು. ನಮ್ಮ ಮೇಲ್ವಿಚಾರಕರು ಅದನ್ನು ತಿದ್ದಲು ಬಿಡಲಿಲ್ಲ.

ಕುಟುಂಬ ಸಮೀಕ್ಷೆ ಹಾಗೆ ಕೇಳುವುದಿಲ್ಲ. ತಳ್ಳಿದ್ದಾರಾ? ಕೈ ತಿರುಚಿದ್ದಾರಾ, ಕೂದಲು ಹಿಡಿದು ಎಳೆದಿದ್ದಾರಾ? ಕೆನ್ನೆಗೆ ಹೊಡೆದಿದ್ದಾರಾ? ಒದ್ದಿದ್ದಾರಾ? ಕತ್ತು ಹಿಸುಕಿದ್ದಾರಾ? ಒಂದೊಂದಾಗಿ. ಅದೂ ಒಂದು ಮನೆಯಲ್ಲಿ ಒಬ್ಬಳನ್ನೇ, ಒಂಟಿಯಾಗಿ. ಅತ್ತೆ ಅಕ್ಕಿ ಆರಿಸುವ ನೆಪದಲ್ಲಿ ಬಂದು ಕೂತರೆ ಈ ಭಾಗವನ್ನು ಕೇಳುವಂತಿಲ್ಲ, ನಿಯಮವೇ ಹಾಗಿದೆ. ಹತ್ತಡಿ ಕೋಣೆಯ ವಠಾರದಲ್ಲಿ ಒಂಟಿಯಾಗಿ ಸಿಗುವುದು ಎಷ್ಟು ಕಷ್ಟ ಅನ್ನುವುದು ತಿರುಗಿದವರಿಗೆ ಗೊತ್ತು. ಇನ್ನೊಮ್ಮೆ ಹೇಳುತ್ತೇನೆ: ಕಾಗದಕ್ಕೆ ಬರುವುದು ಬಾಯಿಬಿಟ್ಟವರ ಲೆಕ್ಕ. ಕೇಳುವ ಪದ ಬದಲಾದರೆ, ಬಾಗಿಲು ಮುಚ್ಚಿದ್ದರೆ, ತೆರೆದಿದ್ದರೆ, ಲೆಕ್ಕವೂ ಬದಲಾಗುತ್ತದೆ.

ಠಾಣೆಯ ಅಂಕಿಗೂ ಇದೇ ಮಾತು. ಅಲ್ಲಿ ಎಣಿಕೆಯಾಗುವುದು ಬರೆದುಕೊಂಡ ದೂರು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಒಂದು ಎಫ್‌ಐಆರ್‌ನಿಂದ ಅತಿ ಘೋರವಾದ ಒಂದು ಅಪರಾಧವನ್ನಷ್ಟೇ ಎತ್ತಿಕೊಳ್ಳುತ್ತದೆ. ಹತ್ತು ವರ್ಷ ಕಿರುಕುಳ ಕೊಟ್ಟು ಕಡೆಗೆ ಕೊಂದರೆ, ಪಟ್ಟಿಯಲ್ಲಿ ಕೊಲೆ ಉಳಿಯುತ್ತದೆ, ಕಿರುಕುಳ ಉದುರಿಹೋಗುತ್ತದೆ. ಇನ್ನು, ಮಧ್ಯಪ್ರದೇಶದ ಪೊಲೀಸ್ ಇಲಾಖೆಯ ಜೊತೆ ಸೇರಿ 180 ಠಾಣೆಗಳಲ್ಲಿ ನಡೆದ ಅಧ್ಯಯನವೊಂದು 2022ರಲ್ಲಿ ಪ್ರಕಟವಾಯಿತು. ಕೆಲವು ಠಾಣೆಗಳಲ್ಲಿ ಮಹಿಳಾ ಸಹಾಯ ಮೇಜು ಇಟ್ಟರು, ಕೆಲವುಗಳಲ್ಲಿ ಇಡಲಿಲ್ಲ. ಮೇಜು ಇದ್ದಲ್ಲಿ, ಅದರಲ್ಲೂ ಮಹಿಳಾ ಅಧಿಕಾರಿಗಳು ಕೂತಲ್ಲಿ, ಎಫ್‌ಐಆರ್ ಹೆಚ್ಚಿದವು. ಮೇಜು ಇಟ್ಟ ಊರಿನ ಗಂಡಸರು ಕೆಟ್ಟುಹೋದರು ಅನ್ನೋಣವೇ? ನಿಮ್ಮ ಬಡಾವಣೆಯ ಠಾಣೆಯಲ್ಲಿ ಇಂಥ ದೂರು ಒಂದೂ ಇಲ್ಲ ಅಂದರೆ ನನಗೆ ಆಗಲೇ ಹೆಚ್ಚು ಭಯ.

ಇಂದಿರಾನಗರದ ಹಿರಿಯರೊಬ್ಬರು ಫೋನಿನಲ್ಲಿ, "ನಮ್ಮ ಕಡೆ ಓದಿದವರು, ಇದೆಲ್ಲ ಇಲ್ಲಮ್ಮ" ಅಂದರು. ಓದು ಹೆಚ್ಚಿದಂತೆ ಪ್ರಮಾಣ ಇಳಿಯುತ್ತದೆ ಸ್ವಾಮಿ, ಇಲ್ಲವಾಗುವುದಿಲ್ಲ. ನಿಮ್ಮ ಗೇಟಿನ ವಾಚ್‌ಮನ್‌ನನ್ನು ಕೇಳಿ.

ಸಮಯವಾಗುತ್ತಿದೆ ಎಂದು ಗಾಜಿನಾಚೆಯಿಂದ ಕೈ ಮಾಡುತ್ತಿದ್ದಾರೆ. ಕೆ.ಆರ್. ಪುರದ ತಾಯಿಗೆ: ಗಂಡು ನೋಡಿ, ಆದರೆ ಮಗಳ ಕೈಯಲ್ಲಿ ಅವಳದೇ ದುಡ್ಡು, ಅವಳದೇ ಫೋನು ಇರಲಿ. ತುರ್ತಿಗೆ 112. ಮಹಿಳಾ ಸಹಾಯವಾಣಿ 181. ಇನ್‌ಫೆಂಟ್ರಿ ರಸ್ತೆಯ ಪೊಲೀಸ್ ಕಮಿಷನರ್ ಕಚೇರಿಯಲ್ಲಿ ವನಿತಾ ಸಹಾಯವಾಣಿ ಇದೆ, ದೂರು ಕೊಡುವ ಮುಂಚೆ ಮಾತಾಡಲೂ ಹೋಗಬಹುದು. ಕೋರ್ಟಿನಿಂದ ರಕ್ಷಣಾ ಆದೇಶ ಬೇಕಾದರೆ 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಡಿ ಸಂರಕ್ಷಣಾಧಿಕಾರಿ ಇದ್ದಾರೆ. ನಮ್ಮಲ್ಲಿ ಆ ಹೊಣೆ ಶಿಶು ಅಭಿವೃದ್ಧಿ ಯೋಜನಾಧಿಕಾರಿಯದು, ಅಂಗನವಾಡಿಯಲ್ಲಿ ವಿಚಾರಿಸಿದರೆ ಕಚೇರಿ ಎಲ್ಲಿ ಎಂದು ಹೇಳುತ್ತಾರೆ. "ಇದು ನಮ್ಮ ಸರಹದ್ದಲ್ಲ" ಎಂದು ಠಾಣೆಯವರು ಅಂದರೆ, ಜೀರೋ ಎಫ್‌ಐಆರ್ ಬರೆದುಕೊಳ್ಳಿ ಅನ್ನಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯಲ್ಲೇ ಅದಕ್ಕೆ ಅವಕಾಶವಿದೆ. ಬರೆದ ಮೇಲೆ ಒಂದು ಪ್ರತಿ ಕೇಳಿ ಪಡೆಯಿರಿ, ಅದಕ್ಕೆ ಕಾಸಿಲ್ಲ.