ಎಳೆ ಕಡಿದ ಗಳಿಗೆಯಲ್ಲೇ

ಇಳಕಲ್ಲಿನ ಕುಣಿಮಗ್ಗದಲ್ಲಿ ಹಾಸಿನ ಒಂದೆಳೆ ಕಡಿದರೆ ನೇಕಾರ ಲಾಳಿ ನಿಲ್ಲಿಸುತ್ತಾನೆ. ಎಳೆ ಹುಡುಕಿ ಗಂಟು ಹಾಕಿದ ಮೇಲೆಯೇ ಮುಂದಿನ ಹೊಕ್ಕು. ಆಮೇಲೆ ನೋಡಿದರಾಯಿತು ಎಂದು ನೇಯುತ್ತ ಹೋದರೆ, ನೇದಷ್ಟುದ್ದಕ್ಕೂ ಗೀರು ಬೀಳುತ್ತದೆ.

ಮಗ್ಗದ ಸದ್ದಿನ ಈ ಸೀಮೆಗೆ, ಆಗ ಬಾದಾಮಿ ತಾಲ್ಲೂಕಿನಲ್ಲಿದ್ದ ಖಣದ ಊರು ಗುಳೇದಗುಡ್ಡಕ್ಕೆ, 1851ರಲ್ಲಿ ಬಾಸೆಲ್ ಮಿಷನ್ ಬಂತು. 1834ರಲ್ಲಿ ಮಂಗಳೂರಿಗೆ ಬಂದಿಳಿದು, ಧಾರವಾಡ, ಹುಬ್ಬಳ್ಳಿ, ಬೆಟಗೇರಿಗಳಲ್ಲಿ ನೆಲೆಯೂರಿ ಇತ್ತ ಬಂದವರು ಅವರು. ಅವರು ಸಾರಿದ ಸುವಾರ್ತೆಯ ಮೊದಲ ಕರೆಯಾದ ಪಶ್ಚಾತ್ತಾಪಕ್ಕೆ ಕನ್ನಡ ಬೈಬಲಿನಲ್ಲಿ ಚೆಂದದ ಮಾತೊಂದಿದೆ: ತಿರುಗಿಕೊಳ್ಳುವುದು. ಗ್ರೀಕ್ ಮೂಲದ ಪದಕ್ಕೆ ಮನಸ್ಸು ಬದಲಾಗುವುದು ಎಂಬ ಅರ್ಥವಿದೆ. ಕನ್ನಡದ ಮಾತು ಕಾಲನ್ನೂ ಸೇರಿಸಿಕೊಂಡಿತು. ದಾರಿ ತಪ್ಪಿದವನು ಮುಂದಿನ ಊರು ಬರಲಿ ಎಂದು ಕಾಯಬೇಕಿಲ್ಲ, ನಿಂತಲ್ಲೇ ತಿರುಗಬಹುದು.

ಲೂಕನ ಸುವಾರ್ತೆಯ ಜಕ್ಕಾಯ ಹಾಗೆ ತಿರುಗಿದವನು. ಯೆರಿಕೋ ಪಟ್ಟಣದ ಸುಂಕದವರ ಮುಖ್ಯಸ್ಥ, ಸಿರಿವಂತ, ಕುಳ್ಳ. ಯೇಸುವನ್ನು ಕಾಣಲು ಮರ ಹತ್ತಿದ. ಬೇಗ ಇಳಿದು ಬಾ, ಇಂದು ನಿನ್ನ ಮನೆಯಲ್ಲಿ ಇಳಿದುಕೊಳ್ಳಬೇಕು ಎಂದು ಯೇಸು ಕರೆದ. ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸದಿಂದ ಕಿತ್ತುಕೊಂಡದ್ದಕ್ಕೆ ನಾಲ್ಕರಷ್ಟು ವಾಪಸು ಎಂದ ಜಕ್ಕಾಯ. ಇಂದೇ ಈ ಮನೆಗೆ ರಕ್ಷಣೆ ಬಂತು ಎಂಬ ಉತ್ತರ ಸಿಕ್ಕಿತು. ಯೇಸು ಆಗ ಯೆರೂಸಲೇಮಿನ ಹಾದಿಯಲ್ಲಿದ್ದ, ಶಿಲುಬೆಗೆ ಕೆಲವೇ ದಿನ ಉಳಿದಿದ್ದವು. ಜಕ್ಕಾಯ ನಾಳೆ ಎಂದಿದ್ದರೆ?

ಕೊನೆಗಳಿಗೆಯಲ್ಲಿ ತಿರುಗಿದರೂ ಸಾಕಲ್ಲ, ಯೇಸುವಿನ ಪಕ್ಕದ ಶಿಲುಬೆಯ ಮೇಲಿದ್ದ ಕಳ್ಳನಿಗೂ ರಕ್ಷಣೆ ಸಿಕ್ಕಿತಲ್ಲ ಎನ್ನುವವರಿದ್ದಾರೆ. ನಿಜ. ಅವನಿಗೆ ಸಿಕ್ಕ ಮಾತಿನಲ್ಲೂ ಇರುವುದು ಇಂದು ಎಂಬ ಪದವೇ. ಆದರೆ ಕದ್ದದ್ದನ್ನು ಮರಳಿಸಲು ಅವನಿಗೆ ಕೈಯೂ ಇರಲಿಲ್ಲ, ಹೊತ್ತೂ ಇರಲಿಲ್ಲ. ಜಕ್ಕಾಯನಿಗೆ ಎರಡೂ ಇದ್ದವು. ರಕ್ಷಣೆ ದೇವರ ಕೃಪೆ, ದುಡಿದು ಗಳಿಸುವಂಥದ್ದಲ್ಲ. ಆದರೂ ತಡಮಾಡಿದಷ್ಟು ದಿನ ನಷ್ಟ ಹೊರುವವನು ಮೋಸಹೋದ ಬಡವ. ಪಶ್ಚಾತ್ತಾಪಕ್ಕೆ ಅವಸರವಿರುವುದು ಅವನಿಗಾಗಿಯೂ ಹೌದು.

ಕಾಣಿಕೆಯನ್ನು ವೇದಿಯ ಮುಂದೆಯೇ ಬಿಟ್ಟು ಮೊದಲು ಸಹೋದರನೊಡನೆ ಒಂದಾಗಬೇಕೆಂದು ಮತ್ತಾಯನ ಸುವಾರ್ತೆಯಲ್ಲಿ ಯೇಸು ಹೇಳುತ್ತಾನೆ. ಹುನಗುಂದದಲ್ಲೋ ಬಾಗಲಕೋಟೆಯಲ್ಲೋ ಬೆಳಗಿನ ಚಹಾ ಕುಡಿಯುತ್ತ ಇದನ್ನು ಕೇಳುತ್ತಿರುವವರೇ, ಒತ್ತಿದ ಬದು, ಕೊಡದೆ ಉಳಿಸಿಕೊಂಡ ಕೂಲಿ, ಮಾತು ಬಿಟ್ಟ ಅಣ್ಣನ ಮನೆ ನೆನಪಾಗಿದ್ದರೆ, ಇವತ್ತು ಹೊತ್ತು ಮುಳುಗುವುದರೊಳಗೆ ಹೋಗಿಬನ್ನಿ.