ನೀರನ್ನು ಓದುವ ಆಟ



ಹಚ್ಚೊಳ್ಳಿ, ಸಿರುಗುಪ್ಪ ಸೀಮೆಯ ಮಕ್ಕಳು ನೀರಿನ ಮಗ್ಗುಲಲ್ಲೇ ಬೆಳೆಯುತ್ತಾರೆ. ತುಂಗಭದ್ರೆಯ ನೀರು ಕಾಲುವೆಯಲ್ಲಿ ಬಂದು ನಮ್ಮ ಭತ್ತದ ಗದ್ದೆಗಳನ್ನು ಸಾಕುತ್ತದೆ. ಆದರೂ ಆ ನೀರಿನ ಗುಣ ತಿಳಿದ ಮಕ್ಕಳು ಎಷ್ಟಿದ್ದಾರೆ? ಶಾಲಾ ಪ್ರವಾಸ ಎಂದರೆ ಹಂಪಿ, ಬಾದಾಮಿ, ವಿಜಯಪುರ. ಅವನ್ನು ನೋಡಲೇಬೇಕು. ಜೊತೆಗೆ, ಪ್ರೌಢಶಾಲೆ ಮುಗಿಸುವುದರೊಳಗೆ ಒಮ್ಮೆ ಕಾಳಿ ನದಿಯಲ್ಲಿ ಗಾಳಿ ತುಂಬಿದ ತೆಪ್ಪದ ಮೇಲೆ ಹೊಳೆ ಇಳಿಯುವ ರಾಫ್ಟಿಂಗಿಗೂ ಅವರನ್ನು ಕರೆದೊಯ್ಯಿರಿ ಎಂದು ಕೇಳಿಕೊಳ್ಳಲು ಇಂದು ನಿಮ್ಮ ಮುಂದೆ ಬಂದಿದ್ದೇನೆ.

ಕಾಳಿ ಉತ್ತರ ಕನ್ನಡದ ಡಿಗ್ಗಿಯಲ್ಲಿ ಹುಟ್ಟಿ ಕಾರವಾರದ ಬಳಿ ಕಡಲು ಸೇರುತ್ತದೆ. ದಾಂಡೇಲಿ ಕಡೆಯ ರಾಫ್ಟಿಂಗ್ ನಡೆಯುವುದು ಗಣೇಶಗುಡಿಯ ಆಸುಪಾಸಿನಲ್ಲಿ. ಮೇಲೆ 101 ಮೀಟರ್ ಎತ್ತರದ ಸೂಪಾ ಅಣೆಕಟ್ಟು. ವಿದ್ಯುತ್ ತಯಾರಿಸಿ ಹೊರಬಿಟ್ಟ ನೀರು ಬಂಡೆಗಳ ನಡುವೆ ನೊರೆಯೆದ್ದು ಧುಮುಕುತ್ತದೆ. ಎಷ್ಟು ನೀರು ಬಿಟ್ಟರು ಎಂಬುದರ ಮೇಲೆ ಅಂದಿನ ಆಟ. ಇಂಥ ಹರಿವನ್ನು ಒಂದರಿಂದ ಆರರವರೆಗೆ ದರ್ಜೆ ಮಾಡುವುದು ಅಂತರರಾಷ್ಟ್ರೀಯ ರೂಢಿ. ಕಾಳಿಯದು ಹೆಚ್ಚಾಗಿ ಎರಡು, ಮೂರನೆಯ ದರ್ಜೆ; ಹೊಸಬರು ಕಲಿಯಲು ತಕ್ಕದ್ದು.

ರಾಫ್ಟಿನ ಹಿಂಬದಿಯಲ್ಲಿ ಕೂತ ಗೈಡ್‌ನ ಕಣ್ಣು ಸದಾ ಮುಂದಿನ ನೀರಿನ ಮೇಲೆ. ಎರಡು ಬಂಡೆಗಳ ನಡುವೆ ನಯವಾದ ನೀರು ನಾಲಿಗೆಯಂತೆ ಕೆಳಕ್ಕೆ ಚಾಚಿ ಚೂಪಾದರೆ ಅದೇ ದಾರಿ. ಚೂಪು ನಮ್ಮ ಕಡೆಗೆ ತಿರುಗಿದ್ದರೆ ಆ ತುದಿಯಲ್ಲೇ ಬಂಡೆ ಅಡಗಿದೆ. ದೊಡ್ಡ ಬಂಡೆಯ ಬೆನ್ನಿಗೆ ನೀರು ಹಿಂದಕ್ಕೆ ತಿರುಗುತ್ತದೆ; ರಾಫ್ಟನ್ನು ಅಲ್ಲಿಗೆ ಸೇರಿಸಿ ದಣಿವಾರಿಸಿಕೊಳ್ಳಬಹುದು. ಇಷ್ಟು ತಿಳಿದ ಮಗುವಿಗೆ ಹೊಳೆ ಬರೀ ಗದ್ದಲವಾಗಿ ಕಾಣುವುದಿಲ್ಲ.

ಹುಟ್ಟಿನ ತುದಿಯ ಅಡ್ಡಹಿಡಿಯನ್ನು ಅಂಗೈಯಿಂದ ಮುಚ್ಚಿ ಹಿಡಿಯಬೇಕು; ಕೈ ಜಾರಿದರೆ ಪಕ್ಕದವರ ಹಲ್ಲಿಗೆ ಪೆಟ್ಟು. ಮುಂದೆ ಕೂತ ಇಬ್ಬರ ಲಯಕ್ಕೆ ಹಿಂದಿನವರು ಹುಟ್ಟು ಹಾಕಬೇಕು. 'ಫಾರ್ವರ್ಡ್' ಎಂಬ ಕೂಗಿಗೆ ಎಲ್ಲ ಹುಟ್ಟುಗಳೂ ಒಟ್ಟಿಗೆ ನೀರಿಗಿಳಿದಾಗಲೇ ರಾಫ್ಟ್ ಮಾತು ಕೇಳುವುದು. ಒಬ್ಬನೇ ಎಷ್ಟು ಬಲ ಹಾಕಿದರೂ ಅದು ಅಡ್ಡ ತಿರುಗುತ್ತದೆ.

ಬಿದ್ದರೆ ಏನು ಮಾಡಬೇಕೆಂಬುದನ್ನು ದಡದಲ್ಲೇ ಕಲಿಸುತ್ತಾರೆ. ರಭಸದ ನೀರಿನಲ್ಲಿ ಎದ್ದು ನಿಲ್ಲಲು ಹೋಗಬಾರದು; ಪಾದ ಕಲ್ಲಿನ ಸಂದಿಗೆ ಸಿಕ್ಕರೆ ಹರಿವು ಮೈಯನ್ನು ಅದುಮಿ ಮುಳುಗಿಸುತ್ತದೆ. ಅಂಗಾತ ಮಲಗಿ, ಕಾಲನ್ನು ಹರಿಯುವ ದಿಕ್ಕಿಗೆ ಚಾಚಿ ತೇಲಬೇಕು. ಮೇಲಕ್ಕೆಳೆಯುವವರು ಲೈಫ್ ಜಾಕೆಟ್ಟಿನ ಹೆಗಲಪಟ್ಟಿ ಹಿಡಿಯಬೇಕು. ಧೈರ್ಯಕ್ಕೂ ಹುಂಬತನಕ್ಕೂ ಇರುವ ಅಂತರವನ್ನು ಮಕ್ಕಳಿಗೆ ಇದಕ್ಕಿಂತ ಚೆನ್ನಾಗಿ ತಿಳಿಸುವ ಪಾಠ ನನಗೆ ಗೊತ್ತಿಲ್ಲ.

ನೀರನ್ನು ಓದುವುದು ನಮಗೆ ಹೊರಗಿನ ವಿದ್ಯೆಯೂ ಅಲ್ಲ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಇಲ್ಲಿನ ದುಂಡು ದೋಣಿಗಳ ಬಗ್ಗೆ ಬರೆದಿದ್ದಾನೆ. ಒಳಗೆ ಬೆತ್ತ, ಹೊರಗೆ ಚರ್ಮ; ಹದಿನೈದು ಇಪ್ಪತ್ತು ಜನ ಹಿಡಿಯುತ್ತಿದ್ದ ಅವು ಗಿರಗಿರ ತಿರುಗುತ್ತಲೇ ಹೊಳೆ ದಾಟುತ್ತಿದ್ದವಂತೆ. ಅದೇ ನಮ್ಮ ಹರಿಗೋಲು. ರಾಫ್ಟಿನಂತೆ ಅದಕ್ಕೂ ಚಪ್ಪಟೆ ತಳ; ಬಂಡೆಗಳ ನಡುವಿನ ತೆಳು ನೀರಿನಲ್ಲೂ ತೇಲುತ್ತದೆ. ಸೆಳೆತ ನೋಡಿ ಹುಟ್ಟು ಹಾಕುವ ಅಂಬಿಗರ ಅನುಭವವನ್ನು ಪ್ರವಾಸಕ್ಕೆ ಮುನ್ನ ಮಕ್ಕಳಿಗೆ ಕೇಳಿಸಿ.

ಮುಖ್ಯೋಪಾಧ್ಯಾಯರಲ್ಲಿ, ತಂದೆತಾಯಿಗಳಲ್ಲಿ ನನ್ನ ಬಿನ್ನಹ ಇಷ್ಟೇ. ರಾಫ್ಟಿಂಗ್ ನಡೆಸುವವರಿಗೆ ಪರವಾನಗಿ ಇದೆಯೇ, ಗೈಡ್ ತರಬೇತಿ ಪಡೆದವರೇ, ಜಾಕೆಟ್ಟು ಹೆಲ್ಮೆಟ್ಟು ಮಕ್ಕಳ ಅಳತೆಗೆ ಸಿಗುತ್ತವೆಯೇ ಎಂದು ಮೊದಲೇ ವಿಚಾರಿಸಿ. ಮಳೆಗಾಲ ಬೇಡ. ಇವು ಸರಿಯಿದ್ದರೆ ಮಕ್ಕಳನ್ನು ಕಳಿಸಿ, ಹೆಣ್ಣುಮಕ್ಕಳನ್ನೂ ತಪ್ಪದೆ ಕಳಿಸಿ. ನಮ್ಮ ಕಾಲುವೆಯಲ್ಲಿ ನೊರೆಯಿಲ್ಲ, ಸದ್ದಿಲ್ಲ, ಆದರೆ ಸೆಳೆತವಿದೆ. ಅದರ ದಂಡೆಯಲ್ಲಿ ದಿನವೂ ಓಡಾಡುವ ಮಕ್ಕಳಿಗೆ ಈಜೂ ಬರಬೇಕು, ನೀರಿನ ಅರಿವೂ ಇರಬೇಕು. ಈಜು ಊರಲ್ಲೇ ಶುರುವಾಗಲಿ, ಅರಿವಿಗೆ ಕಾಳಿ ಇದೆ.